ಕ್ವೆನರ್ಬಿ ಮನೆಯ ಕರೆಯೋಲೆ

ಪರ್ತ್ ನಗರದ ಎಲೆನ್‌ಬ್ರೂಕ್ ಬಡಾವಣೆಯ ಆ ಬೀದಿಯಲ್ಲಿ ಎಲ್ಲರ ಗ್ಯಾರೇಜಿನಲ್ಲೂ ಕಾರು ಇರುತ್ತಿತ್ತು. ವಾಲ್ಟರ್ ಕ್ವೆನರ್ಬಿ ಅವರ ಮನೆಯಲ್ಲಿ ಮಾತ್ರ ಕಾರು ಬಿಸಿಲಿನಲ್ಲಿ, ನಕ್ಷೆ ನೆರಳಿನಲ್ಲಿ. ಸಂಜೆ ವಾಕಿಂಗಿಗೆ ಹೊರಟ ಕಮಲಮ್ಮ ತೆರೆದ ಬಾಗಿಲೊಳಗೆ ಗೋಡೆ ತುಂಬ ಹರಡಿದ್ದ ಆ ನಕ್ಷೆಯನ್ನು ಕಂಡು ಗಕ್ಕನೆ ನಿಂತರು. ದಾವಣಗೆರೆಯ ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಸಮಾಜ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಗಂಡನನ್ನೂ ಕಟ್ಟಿಕೊಂಡು ಪರ್ತಿನ ಡಾಕ್ಟರ್ ಮಗನ ಮನೆಗೆ ಬಂದು ನೆಲೆಸಿದ ಹೆಂಗಸು ಅವರು. ನಕ್ಷೆ ಕಂಡೂ ಕಾಣದಂತೆ ಮುಂದೆ ಹೋಗುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

"ಈ ನೀಲಿ ಪಿನ್ನುಗಳು ಏನು? ಕಲ್ಲಿದ್ದಲ ಗಣಿಗಳಾ?" ಎಂದು ಬಾಗಿಲಲ್ಲೇ ನಿಂತು ಕೇಳಿದರು.

"ಜನ. ನನ್ನ ಜನ" ಎಂದರು ವಾಲ್ಟರ್.

ಎಂಬತ್ತರ ಹತ್ತಿರದ ವಾಲ್ಟರ್ ರೈಲ್ವೆಯಲ್ಲಿ ದುಡಿದು ಬಿಟ್ಟವರು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಉಳಿದದ್ದು ತಮ್ಮ ಮನೆತನದ ಹೆಸರಿನ ಹುಚ್ಚು. ಆ ಹೆಸರಿನವರು ಲೋಕದಲ್ಲಿ ಎಲ್ಲೆಲ್ಲಿದ್ದಾರೆ ಎಂದು ಹುಡುಕಿ, ಸಿಕ್ಕ ಒಬ್ಬೊಬ್ಬರಿಗೂ ನೀಲಿ ತಲೆಯ ಒಂದೊಂದು ಗುಂಡುಪಿನ್ನು ಚುಚ್ಚುತ್ತಿದ್ದರು.

ಕ್ವೆನರ್ಬಿ ಎನ್ನುವುದು ಇಂಗ್ಲೆಂಡಿನ ಪೂರ್ವ ಕರಾವಳಿಯ ಒಂದು ಹಳ್ಳಿಯಂತೆ. ಸಮುದ್ರ ವರ್ಷಕ್ಕಿಷ್ಟು ಕೊರೆದು ಕೊರೆದು ಆ ಹಳ್ಳಿಯನ್ನೇ ನುಂಗಿ ನೀರು ಕುಡಿಯಿತು. ಅಲ್ಲಿಂದ ಗಂಟುಮೂಟೆ ಕಟ್ಟಿದವರನ್ನು ಸುತ್ತಲ ಊರಿನವರು 'ಕ್ವೆನರ್ಬಿಯವನು' ಎಂದು ಕರೆದರು, ಕರೆದದ್ದೇ ಹೆಸರಾಯಿತು.

"ಅಲ್ಲೇ ಇದ್ದಿದ್ದರೆ ಯಾರಿಗೂ ಆ ಹೆಸರು ಬರುತ್ತಲೇ ಇರಲಿಲ್ಲ. ಊರು ಬಿಟ್ಟವನಿಗಷ್ಟೇ ಊರಿನ ಹೆಸರು" ಎಂದರು ವಾಲ್ಟರ್.

ಕಮಲಮ್ಮನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಯಜಮಾನರು ಸಿದ್ದಲಿಂಗಯ್ಯ ಹುಟ್ಟೂರಿನಲ್ಲಿ ಬರೀ ಸಿದ್ದಲಿಂಗ, ದಾವಣಗೆರೆಗೆ ಬಂದ ಮೇಲೆ ಹರಪನಹಳ್ಳಿ ಮೇಷ್ಟ್ರು. ಮಗ ಆಸ್ಟ್ರೇಲಿಯಾಕ್ಕೆ ಬಂದು ಡಾಕ್ಟರ್ ಹರಪನಹಳ್ಳಿಯಾದ. ಆ ಊರಿನಲ್ಲಿ ಒಂದು ರಾತ್ರಿಯೂ ಮಲಗದ ಮೊಮ್ಮಗಳು ಪೂರ್ವಿಯೂ ಸ್ಕೂಲಿನಲ್ಲಿ ಹರಪನಹಳ್ಳಿಯೇ. ಇದನ್ನೆಲ್ಲ ಹೇಳಿದಾಗ ವಾಲ್ಟರ್ ಎಷ್ಟು ಖುಷಿಪಟ್ಟರೆಂದರೆ, ಕುರ್ಚಿಯ ಮೇಲಿದ್ದ ಪೇಂಟಿನ ಡಬ್ಬಿಗಳನ್ನು ಇಳಿಸಿ ಕೂರಲು ಜಾಗ ಮಾಡಿಕೊಟ್ಟರು. ಅಂದಿನಿಂದ ಕಮಲಮ್ಮನ ವಾಕಿಂಗು ಆ ಗ್ಯಾರೇಜಿನವರೆಗೆ ಮಾತ್ರ.

ಮೂವರು ಅಣ್ಣತಮ್ಮಂದಿರು ಹಡಗು ಹತ್ತಿ ಅಡಿಲೇಡಿನ ಬಂದರಿನಲ್ಲಿ ಇಳಿದದ್ದು, ಒಬ್ಬನ ಮಕ್ಕಳು ಕಬ್ಬಿನ ಕೆಲಸಕ್ಕೆಂದು ಕ್ವೀನ್ಸ್‌ಲ್ಯಾಂಡಿಗೆ ಹೋಗಿ ಬ್ರಿಸ್ಬೇನಿನ ಸುತ್ತ ನೆಲೆ ನಿಂತದ್ದು, ರೈಲ್ವೆ ಕೆಲಸ ಹಿಡಿದು ವಾಲ್ಟರ್ ಪರ್ತಿಗೆ ಬಂದದ್ದು, ಎಲ್ಲವೂ ಪಿನ್ನುಗಳಲ್ಲಿತ್ತು. ತಾತನ ಕಾಲದಲ್ಲಿ ಪಿನ್ನು ಚುಚ್ಚಲು ಜಾಗ ಸಾಲದಷ್ಟು ಜನ. ಬರುಬರುತ್ತ ತೆಳುವಾಗಿ, ಈಗ ಅಡಿಲೇಡಿನಲ್ಲಿ ಬೆರಳೆಣಿಕೆಯಷ್ಟು, ಬ್ರಿಸ್ಬೇನಿನಲ್ಲಿ ಇನ್ನೂ ಕಡಿಮೆ. ಇಡೀ ಪಶ್ಚಿಮ ಆಸ್ಟ್ರೇಲಿಯಾದ ಅಷ್ಟಗಲ ಹಳದಿ ಬಯಲಿನಲ್ಲಿ ಒಂದೇ ಒಂದು ನೀಲಿ ಚುಕ್ಕೆ. ಅದು ವಾಲ್ಟರ್.

ವಾಲ್ಟರಿಗೆ ಇದ್ದದ್ದು ಒಂದೇ ಆಸೆ. ಹೆಸರು ಅಳಿಯುವ ಮೊದಲು ಉಳಿದ ಕ್ವೆನರ್ಬಿಗಳೆಲ್ಲ ಒಮ್ಮೆ ಒಂದು ಕಡೆ ಸೇರಬೇಕು, ಒಂದು ಫೋಟೋ ತೆಗೆಸಿಕೊಳ್ಳಬೇಕು. ಮೂರು ಸಲ ಎಲ್ಲರಿಗೂ ಕಾಗದ ಬರೆದಿದ್ದರು. ಒಬ್ಬರು 'ದಯವಿಟ್ಟು ಇನ್ನು ಬರೆಯಬೇಡಿ' ಎಂದಿದ್ದರು. ಮಿಕ್ಕವರು ಇದ್ಯಾವುದೋ ಟೋಪಿ ಹಾಕುವ ಪೈಕಿ ಎಂದುಕೊಂಡು ಸುಮ್ಮನಾಗಿದ್ದರು.

"ಕಾಗದ ಹಾಕಿದರೆ ಯಾರು ಬರುತ್ತಾರೆ ವಾಲ್ಟರ್? ಮನೆಗೆ ಹೋಗಿ ಕರೆಯಬೇಕು" ಎಂದರು ಕಮಲಮ್ಮ.

"ಎಲ್ಲಿ ಬ್ರಿಸ್ಬೇನು, ಎಲ್ಲಿ ನಾನು!"

"ನಮ್ಮ ಹುಡುಗರಿದ್ದಾರಲ್ಲ."

ಮೂರು ಮಕ್ಕಳ ಮದುವೆ ಮಾಡಿ ಮುಗಿಸಿ, ಕರೆಯುವ ಕೆಲಸವೇ ಇಲ್ಲದೆ ಕಮಲಮ್ಮನ ಕೈ ಜಡ್ಡುಗಟ್ಟಿ ಹೋಗಿತ್ತು. ಸೋಫಾದಲ್ಲಿ ಕ್ರಿಕೆಟ್ ನೋಡುತ್ತಿದ್ದ ಸಿದ್ದಲಿಂಗಯ್ಯನವರು, "ಇವಳಿಗೆ ಯಾರ ಮನೆ ಕಾರ್ಯ ಆದ್ರೂ ಸರಿ, ಕರೆಯೋಕೆ ಒಂದು ನೆಪ ಬೇಕು" ಎಂದು ತಲೆ ಅಲ್ಲಾಡಿಸಿದರು. ಕಮಲಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ನಲ್ಲಿ ಕಮಲಮ್ಮನ ಅಣ್ಣನ ಮೊಮ್ಮಗ ಶ್ರೇಯಸ ಓದುತ್ತಿದ್ದ. ಸಂಜೆ ಪೆಟ್ರೋಲ್ ಬಂಕಿನಲ್ಲಿ ಕೆಲಸ. ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿ ಹಳೆಯ ಶಿಷ್ಯೆಯೊಬ್ಬಳ ಮಗಳು ನಿಹಾರಿಕಾ ನರ್ಸಿಂಗ್ ಕಲಿಯುತ್ತಿದ್ದಳು. ಇಬ್ಬರಿಗೂ ವಿಡಿಯೊ ಕಾಲ್ ಹೋಯಿತು. ಸಮಾರಂಭ ಎರಡೂ ಕಡೆಯವರಿಗೆ ನಡುವಾಗುವಂತೆ ಅಡಿಲೇಡಿನಲ್ಲಿ, ಸ್ಯಾಲಿಸ್‌ಬರಿಯ ಒಂದು ಸಭಾಂಗಣದಲ್ಲಿ ಎಂದು ಗೊತ್ತಾಯಿತು. ವಾಲ್ಟರ್ ಕಾರ್ಡು ಅಚ್ಚು ಹಾಕಿಸಿದರು. ಅದರ ಮೂಲೆಗಳಿಗೆ ಕಮಲಮ್ಮ ಕುಳಿತು ಅರಿಶಿನ ಕುಂಕುಮ ಹಚ್ಚಿದರು. ಏನಿದು ಎಂದು ವಾಲ್ಟರ್ ಕೇಳಿದ್ದಕ್ಕೆ, "ಇದಿಲ್ಲದಿದ್ದರೆ ಅದು ಕರೆಂಟ್ ಬಿಲ್ಲು" ಎಂದರು.

"ಅಜ್ಜಿ, ಗೊತ್ತಿಲ್ದೇ ಇರೋರ ಮನೆ ಬಾಗಿಲು ಹೆಂಗ್ ತಟ್ಲಿ? ಧರ್ಮ ಪ್ರಚಾರದವನು ಅಂದ್ಕೊಂಡು ಓಡಿಸ್ತಾರೆ" ಎಂದ ಶ್ರೇಯಸ.

"ಬರಿಗೈಲಿ ಹೋದ್ರೆ ಓಡಿಸ್ತಾರೆ. ಮೈಸೂರು ಪಾಕಿನ ಡಬ್ಬಿ ಹಿಡ್ಕೊಂಡು ಹೋಗು. ಇನ್ನೊಂದು ಮಾತು, ಇಬ್ರೂ ಕೇಳಿಸ್ಕೊಳ್ಳಿ. ಕಾರ್ಡು ಕೊಟ್ಟು ಬಂದ್ಬಿಡೋದಲ್ಲ. ಮನೆಮಂದಿಯೆಲ್ಲ ಬರಬೇಕು ಅಂತ ಬಾಯ್ತುಂಬ ಹೇಳ್ಬೇಕು. ಆ ಮನೆಯಿಂದ ಕೊಟ್ಟ ಹೆಣ್ಣುಮಕ್ಕಳು ಎಲ್ಲೆಲ್ಲಿದಾರೆ ಕೇಳಿ, ಅವರನ್ನ ಮೊದಲು ಕರೀಬೇಕು. ಹೆಣ್ಣುಮಕ್ಕಳು ಮುಖ ಊದಿಸ್ಕೊಂಡ್ರೆ ಯಾವ ಕಾರ್ಯನೂ ಕಳೆ ಕಟ್ಟಲ್ಲ."

ಪಕ್ಕದಲ್ಲಿ ಕೂತಿದ್ದ ಪೂರ್ವಿ, "ದಿಸ್ ಈಸ್ ಸೋ ಆಕ್ವರ್ಡ್, ಅಜ್ಜಿ" ಎಂದಳು. ಆದರೂ ಅಡಿಲೇಡಿಗೆ ತಾನೂ ಬರುವೆನೆಂದು ಹಠ ಹಿಡಿದವಳೂ ಅವಳೇ.

ಶ್ರೇಯಸ ಬಾಗಿಲು ತಟ್ಟಿದ. ಮೊದಲ ಮನೆಯ ಗಂಡಸು ಬಾಗಿಲು ಅರ್ಧ ತೆರೆದು, ಡಬ್ಬಿ ನೋಡಿ ಪೂರ್ತಿ ತೆರೆದ. ಎರಡನೆಯ ಮನೆಯಲ್ಲಿ ಹಿತ್ತಲಲ್ಲಿ ಬಾರ್ಬೆಕ್ಯೂ ನಡೆಯುತ್ತಿತ್ತು; ಹುಡುಗನನ್ನೂ ಕೂರಿಸಿಕೊಂಡು ಸುಟ್ಟ ಜೋಳ ತಿನ್ನಿಸಿದರು. ನಿಹಾರಿಕಾ ಇನ್ನೂ ಚುರುಕು. ಒಂದು ಮನೆಯಲ್ಲಿ ಕೇಳಿ ನಾಲ್ಕು ಮನೆ ಹುಡುಕಿದಳು. ಕೊನೆಗೆ ಫೋನಿನಲ್ಲಿ, "ಆಂಟಿ, ಹಾಲ್ ಪೂರ್ತಿ ಜನ ತುಂಬ್ತಾರೆ ನೋಡ್ತಿರಿ" ಎಂದಳು. ಕಮಲಮ್ಮ ಹಿರಿಹಿರಿ ಹಿಗ್ಗಿದರು. ವಾಲ್ಟರ್ ಮಾತ್ರ ಮನಸ್ಸಿನಲ್ಲೇ ಪಿನ್ನುಗಳನ್ನು ಎಣಿಸಿ, ಅಷ್ಟೇ ಜನಕ್ಕೆ ಬ್ರೆಡ್ಡು, ಸಾಸೇಜು ಹೇಳಿಟ್ಟರು.

ಸಮಾರಂಭದ ಹಿಂದಿನ ಮಧ್ಯಾಹ್ನ ವಾಲ್ಟರ್, ಕಮಲಮ್ಮ, ಪೂರ್ವಿ ಮೂವರೂ ಅಡಿಲೇಡಿನಲ್ಲಿ ಇಳಿದರು. ಕಾರು ತಂದಿದ್ದ ನಿಹಾರಿಕಾ ಸೀಟುಬೆಲ್ಟು ಹಾಕಿಕೊಳ್ಳುತ್ತ, "ನಿಮ್ಮ ತಂಗಿ ಮೌರೀನ್ ನಾಳೆ ಹಣ್ಣಿನ ಕೇಕು ತರುತ್ತಾರಂತೆ" ಎಂದಳು.

ವಾಲ್ಟರ್ ಮುಖ ಸುಣ್ಣದಂತಾಯಿತು. "ಮೌರೀನಳನ್ನು ಕರೆದವರು ಯಾರು?"

"ನಾನೇ. ಆಂಟಿ ಹೆಣ್ಣುಮಕ್ಕಳನ್ನೆಲ್ಲ ಕರಿ ಅಂದಿದ್ರಲ್ಲ..." ಎಂದು ನಿಹಾರಿಕಾ ಕನ್ನಡಿಯಲ್ಲಿ ಕಮಲಮ್ಮನ ಮುಖ ನೋಡಿದಳು.

"ಎಲ್ಲರನ್ನೂ? ಅವರು ಕ್ವೆನರ್ಬಿಗಳಲ್ಲ ಕಮಲಾ! ಮದುವೆಯಾಗಿ ಬೇರೆ ಹೆಸರಿಗೆ ಹೋದವರು. ಮೌರೀನ್ ಈಗ ಕೋವಾಚ್. ನಾನು ಸೇರಿಸಬೇಕೆಂದಿದ್ದು ಹೆಸರನ್ನು!"

ಕಮಲಮ್ಮ ಏನನ್ನೂ ಮುಚ್ಚಿಟ್ಟಿರಲಿಲ್ಲ. ಮನೆ ಹೆಣ್ಣುಮಗಳನ್ನು ಕರೆಯಬೇಕು ಎನ್ನುವುದು ಅನ್ನಕ್ಕೆ ಉಪ್ಪು ಹಾಕಬೇಕು ಎನ್ನುವಷ್ಟೇ ಸಹಜವಾದ್ದರಿಂದ ಬಾಯಿಬಿಟ್ಟು ಹೇಳಬೇಕೆಂದೇ ತೋಚಿರಲಿಲ್ಲ. ಆಮೇಲೆ ವಾಲ್ಟರ್ ತಡೆದು ತಡೆದು ಇನ್ನಷ್ಟು ಹೇಳಿದರು. ವರ್ಷಗಳ ಹಿಂದೆ ನಕ್ಷೆಯನ್ನು ಮೊದಲ ಸಲ ಬರೆದಾಗ ತಂಗಿಗೆ ತೋರಿಸಿದ್ದರಂತೆ. ಅವಳು ಕನ್ನಡಕ ಹಾಕಿಕೊಂಡು ಇಡೀ ನಕ್ಷೆ ಹುಡುಕಿ, "ನಾನೆಲ್ಲಿ?" ಎಂದಿದ್ದಳು. ನೀನು ಈಗ ಲೆಕ್ಕಕ್ಕೆ ಬರುವುದಿಲ್ಲವಲ್ಲ ಎಂದು ಇವರು ನಿಯಮ ಹೇಳಿದ್ದರು. ಅಲ್ಲಿಂದ ಇಬ್ಬರ ನಡುವೆ ಕ್ರಿಸ್‌ಮಸ್ ಕಾರ್ಡು ಬಿಟ್ಟರೆ ಮಾತಿಲ್ಲ.

"ನಾಳೆ ಬಂದು ಎಲ್ಲರ ಮುಂದೆ ಅದೇ ಪ್ರಶ್ನೆ ಕೇಳುತ್ತಾಳೆ. ನಾನು ಏನು ಹೇಳಲಿ?" ಎಂದರು ವಾಲ್ಟರ್.

ತಮ್ಮಿಂದ ಈ ಮನುಷ್ಯನ ಒಂದೇ ಒಂದು ಆಸೆ ಮಣ್ಣುಪಾಲಾಯಿತಲ್ಲ ಎಂದು ಕಮಲಮ್ಮನಿಗೆ ಕಣ್ಣು ತುಂಬಿತು. ಆದರೆ ಸೋಲೊಪ್ಪುವ ಜಾತಿಯೂ ಅವರದಲ್ಲ. "ತಪ್ಪು ನನ್ನದೇ, ಕೇಳಬೇಕಿತ್ತು. ಆದರೆ ಕರೆದವರನ್ನು ಬರಬೇಡಿ ಎನ್ನುವುದು ನನ್ನ ಕೈಲಿ ಆಗುವುದಿಲ್ಲ ವಾಲ್ಟರ್. ಊಟಕ್ಕೆ ನಾನು ಜವಾಬ್ದಾರಿ" ಎಂದರು. ವಾಲ್ಟರ್ ಕಿಟಕಿಯ ಕಡೆ ತಿರುಗಿ ಕುಳಿತರು.

ಮರುದಿನ ಸಭಾಂಗಣದ ಗೋಡೆಗೆ ನಕ್ಷೆ ಏರಿತು. ಕ್ವೆನರ್ಬಿಗಳು ಬಂದರು, ಬ್ರಿಸ್ಬೇನಿನವರು ಶ್ರೇಯಸನನ್ನೂ ವಿಮಾನದಲ್ಲಿ ಜೊತೆಗೆ ಹಾಕಿಕೊಂಡೇ ಬಂದಿದ್ದರು. ಅವರೆಲ್ಲ ಒಂದು ಮೇಜಿನ ಸುತ್ತ ಹಿಡಿಸಿದರು. ಆಮೇಲೆ ಬಂದವರಿಗೆ ಮಾತ್ರ ಕೊನೆಯೇ ಇರಲಿಲ್ಲ. ಕೊಟ್ಟ ಹೆಣ್ಣುಮಕ್ಕಳು, ಅವರ ಗಂಡಂದಿರು, ಅವರ ಮಕ್ಕಳು, ತೊಟ್ಟಿಲ ಕೂಸುಗಳು. ಇಟಲಿಯ ಹೆಸರಿನವರು, ಗ್ರೀಸಿನ ಹೆಸರಿನವರು, ವಿಯೆಟ್ನಾಮಿನ ಹೆಸರಿನ ಅವಳಿ ಹುಡುಗಿಯರು. ಅರ್ಧಕ್ಕರ್ಧ ಜನಕ್ಕೆ ವಾಲ್ಟರ್‌ದೇ ಕೊಕ್ಕೆ ಮೂಗು. ಸಾಸೇಜು ನೋಡನೋಡುತ್ತ ಖಾಲಿ. ಬೆಳಿಗ್ಗೆಯಿಂದ ನಿಹಾರಿಕಾಳ ರೂಮಿನ ಹುಡುಗಿಯರನ್ನೆಲ್ಲ ಕೆಲಸಕ್ಕೆ ಹಚ್ಚಿದ್ದ ಕಮಲಮ್ಮ ಚಿತ್ರಾನ್ನದ ಎರಡು ದೊಡ್ಡ ಪಾತ್ರೆಗಳ ಮುಚ್ಚಳ ತೆಗೆದರು. ಪರಿಮಳಕ್ಕೇ ಜನ ಸಾಲು ಹಚ್ಚಿದರು.

ವಾಲ್ಟರ್ ಟೈ ಕಟ್ಟಿಕೊಂಡು ನಕ್ಷೆಯ ಪಕ್ಕ ಕಾವಲುಗಾರನಂತೆ ನಿಂತಿದ್ದರು. ಬಂದವರೆಲ್ಲ ಕೈಕುಲುಕಿ ಹೋದರು. ಕೊನೆಗೆ, ಕೋಲೂರಿಕೊಂಡು, ಕೇಕಿನ ಡಬ್ಬಿಯನ್ನು ಮೊಮ್ಮಗನ ಕೈಗೆ ಹೊರಿಸಿಕೊಂಡು ಕುಳ್ಳಗಿನ ಒಬ್ಬ ಮುದುಕಿ ಬಂದರು. ಅದೇ ಮೂಗು. ಅಣ್ಣನ ಮುಖ ನೋಡಲಿಲ್ಲ. ನೆಟ್ಟಗೆ ನಕ್ಷೆಯ ಎದುರು ನಿಂತು ಕನ್ನಡಕ ಹಾಕಿಕೊಂಡು, ಸ್ಯಾಲಿಸ್‌ಬರಿ ಇರುವ ಕಡೆ ಬಗ್ಗಿ ಹುಡುಕತೊಡಗಿದರು.

ಕಮಲಮ್ಮ ಸೌಟು ಹಿಡಿದವರು ಹಿಡಿದಂತೆಯೇ ನಿಂತರು.

"ಮೌರೀನ್," ಎನ್ನುತ್ತ ವಾಲ್ಟರ್ ಒಂದು ಹೆಜ್ಜೆ ಮುಂದೆ ಬಂದರು. "ನಿನ್ನ ಪಿನ್ನು ಇಲ್ಲ. ನಾನು ಹಾಕಿಲ್ಲ." ಜೇಬಿನಿಂದ ಪಿನ್ನಿನ ಡಬ್ಬಿ ತೆಗೆದರು. ಬಿಗಿದಿದ್ದ ಮುಚ್ಚಳವನ್ನು ಪೂರ್ವಿ ತೆಗೆದುಕೊಟ್ಟಳು. ಒಳಗೆ ಒಂದೇ ಪಿನ್ನು ಉಳಿದಿತ್ತು. "ನನ್ನ ಜೊತೆ ಅಪ್ಪನ ಮನೆಯಲ್ಲಿ ಬೆಳೆದವಳು ನೀನೊಬ್ಬಳೇ. ನಿನ್ನನ್ನೇ ಬಿಟ್ಟು ಊರೆಲ್ಲ ಹುಡುಕಿದೆ. ನಾನೊಬ್ಬ ಪೆದ್ದ."

"ಅದು ನನಗೆ ಚಿಕ್ಕಂದಿನಿಂದ ಗೊತ್ತು" ಎಂದರು ಮೌರೀನ್. ಪಿನ್ನು ಈಸಿಕೊಂಡು ಸ್ಯಾಲಿಸ್‌ಬರಿಯ ಮೇಲೆ ತಾವೇ ಒತ್ತಿ ಚುಚ್ಚಿದರು. ಆಮೇಲಷ್ಟೇ ಅಣ್ಣನ ತೋಳು ಹಿಡಿದುಕೊಂಡರು.

ಆದರೆ ಅವರ ಹಿಂದೆ ಅಷ್ಟೊಂದು ಹೆಂಗಸರು ನಿಂತಿದ್ದರಲ್ಲ! ನಂದೆಲ್ಲಿ, ನಮ್ಮಮ್ಮಂದೆಲ್ಲಿ ಎಂದು ಗದ್ದಲವೆದ್ದಿತು. ಪಿನ್ನು ಮುಗಿದಿತ್ತು. ವಾಲ್ಟರ್ ದಿಕ್ಕು ತೋಚದೆ ಕಮಲಮ್ಮನ ಕಡೆ ನೋಡಿದರು. ಕಮಲಮ್ಮ ಸೌಟು ಕೆಳಗಿಟ್ಟು ಬ್ಯಾಗಿಗೆ ಕೈಹಾಕಿದರು. ಹೋಗುವಾಗ ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅರಿಶಿನ ಕುಂಕುಮದ ಜೊತೆ ಕೊಡಲು ತಂದಿದ್ದ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ಟುಗಳು ಅದರಲ್ಲಿದ್ದವು.

"ತಗೊಳ್ಳಿ, ಇದು ಗೋಡೆಗೂ ಅಂಟುತ್ತೆ. ನಮ್ಮ ಮನೆ ಬಚ್ಚಲು ಕನ್ನಡಿ ನೋಡಬೇಕು ನೀವು" ಎಂದರು.

ಹೆಂಗಸರು ಮುಗಿಬಿದ್ದರು. ಅಡಿಲೇಡು ಕೆಂಪಾಯಿತು, ಬ್ರಿಸ್ಬೇನು ಕೆಂಪಾಯಿತು. ನಡುವಿನ ಹೆಸರು ಕೇಳದ ಊರುಗಳಲ್ಲೆಲ್ಲ ಬೊಟ್ಟು. ಅವಳಿ ಹುಡುಗಿಯರು ಒಂದನ್ನು ನಕ್ಷೆಗೆ, ಒಂದನ್ನು ಹಣೆಗೆ ಹಚ್ಚಿಕೊಂಡರು. ಇಷ್ಟು ವರ್ಷ ತೆಳುವಾಗುತ್ತಿದೆ ಎಂದು ವಾಲ್ಟರ್ ಕೊರಗುತ್ತಿದ್ದ ಮನೆತನ ಕಣ್ಣೆದುರೇ ದೇಶದ ತುಂಬ ಹಬ್ಬಿ ನಿಂತಿತು. ಹೊರಗೆ ಅಂಗಳದಲ್ಲಿ ಫೋಟೋದವನು ಕ್ವೆನರ್ಬಿಗಳು ಮಾತ್ರ ಮುಂದೆ ಬನ್ನಿ ಎಂದಾಗ ವಾಲ್ಟರ್, "ಮಾತ್ರ ಅನ್ನುವ ಮಾತು ಬೇಡ. ನೀನು ಇನ್ನಷ್ಟು ಹಿಂದಕ್ಕೆ ಹೋಗಿ ನಿಲ್ಲು" ಎಂದರು. ಪಾಪ, ಅವನು ರಸ್ತೆಯವರೆಗೂ ಹಿಂದೆ ಹೋಗಬೇಕಾಯಿತು.

ಹೊರಡುವ ಮುನ್ನ ಮೌರೀನ್ ನಕ್ಷೆಯ ಬಳಿ ಮತ್ತೆ ಬಂದರು. ಪರ್ತಿನ ಒಂಟಿ ನೀಲಿ ಪಿನ್ನನ್ನು ಸ್ವಲ್ಪ ಹೊತ್ತು ನೋಡಿದರು. ಪೂರ್ವಿಯ ಕೈಯಿಂದ ಒಂದು ಬೊಟ್ಟು ತೆಗೆದುಕೊಂಡು ಅದರ ಪಕ್ಕಕ್ಕೇ ಅಂಟಿಸಿದರು.

"ನಿನಗೆ ಆಗಲೇ ಒಂದು ಇದೆ. ಒಬ್ಬರಿಗೆ ಎರಡು ಕೂಡದು" ಎಂದರು ವಾಲ್ಟರ್.

"ಬೇಸಿಗೆಗೆ ಬಂದು ನಿನ್ನ ಮನೆಯಲ್ಲಿ ಇರುತ್ತೇನೆ. ಆಗ ನೀನು ಲೆಕ್ಕ ಸರಿಮಾಡು" ಎಂದರು ಮೌರೀನ್.

ಪರ್ತಿಗೆ ವಾಪಸಾದ ಮೇಲೆ ಕಮಲಮ್ಮ ವಾಕಿಂಗಿನ ನೆಪದಲ್ಲಿ ಗ್ಯಾರೇಜಿಗೆ ಹೋದಾಗ ನಕ್ಷೆ ಹಳೆಯ ಜಾಗಕ್ಕೆ ಬಂದಿತ್ತು. ವಾಲ್ಟರ್ ಒಳಗೆ ಖಾಲಿ ಬಿದ್ದಿದ್ದ ಕೋಣೆಗೆ ಬಣ್ಣ ಬಳಿಯುತ್ತಿದ್ದರು. ಬ್ರಷ್ಷಿನ ಸದ್ದು ಕೇಳುತ್ತಿತ್ತು. ಕಮಲಮ್ಮ ಕನ್ನಡಕ ಏರಿಸಿಕೊಂಡು ಪಶ್ಚಿಮದ ಆ ಬಯಲನ್ನು ನೋಡಿದರು. ನೀಲಿ ಪಿನ್ನಿನ ಪಕ್ಕ ಕೆಂಪು ಬೊಟ್ಟು ಹಾಗೇ ಇತ್ತು. ಬೊಟ್ಟಿನ ಅಂಟು ಬಹಳ ದಿನ ತಡೆಯುವುದಿಲ್ಲ ಎಂದು ವಾಲ್ಟರ್ ಅದರ ಮೇಲೆ ಒಂದು ತುಂಡು ಟೇಪು ಹಚ್ಚಿದ್ದರು.