ಹೆಲ್ಮೆಟ್ಟಿನೊಳಗಿನ ಚೀಟಿ

ಪಂಚರಣ್ಣನ ಹೆಲ್ಮೆಟ್ಟಿನ ಒಳಮೈಗೆ ಅವನ ಹೆಂಡತಿ ಒಂದು ಚೀಟಿ ಅಂಟಿಸಿದ್ದಳು. ಅದರಲ್ಲಿ ಅವನ ಹೆಸರು, ರಕ್ತದ ಗುಂಪು, ಅವಳ ಫೋನ್ ನಂಬರು. ಕೊನೆಗೆ, ‘ಒಗ್ಗದ ಔಷಧಿ ಯಾವುದೂ ಇಲ್ಲ’. ಅವಳ ಅಪ್ಪ ರಸ್ತೆಯಲ್ಲಿ ಬಿದ್ದು, ಯಾರ ಮನೆಯವರೆಂದು ಗೊತ್ತಾಗದೆ ಆಸ್ಪತ್ರೆಯ ವರಾಂಡದಲ್ಲೇ ತೀರಿಕೊಂಡಿದ್ದರು. ಅಂದಿನಿಂದ ಮನೆಮಂದಿಗೆಲ್ಲ ಚೀಟಿಯ ಕಾಟ. ಜಗ್ಗದೆ ಉಳಿದವನು ಅವಳ ತಂಗಿಯ ಗಂಡನೊಬ್ಬನೇ.

ಆ ಷಡ್ಡಕನೂ ಪಂಚರಣ್ಣನ ಜೊತೆ ಅದೇ ಟಯರ್ ಅಂಗಡಿಯಲ್ಲಿ ದುಡಿಯುತ್ತಿದ್ದ. ಯಾರ ದನಿಯನ್ನಾದರೂ ಗಂಟಲಿಗೆ ಇಳಿಸಿಕೊಳ್ಳುವ ಆಸಾಮಿ. ಅಂದು ಅಂಗಡಿಯಲ್ಲಿ ಇವರಿಬ್ಬರನ್ನು ಬಿಟ್ಟರೆ ಇದ್ದವನು ಒಬ್ಬ ಹೊಸ ಗಿರಾಕಿ. ಅವನನ್ನು ನಗಿಸಲೆಂದು ಷಡ್ಡಕ ಹೆಲ್ಮೆಟ್ ಎತ್ತಿಕೊಂಡು ಅತ್ತಿಗೆಯ ದನಿ ತೆಗೆದ.

“ರೀ, ಬೀಳೋದಾದ್ರೆ ಚೀಟಿ ಮೇಲೆ ಬರೋ ಹಾಗೆ ಬೀಳ್ರೀ.”

“ಸಾಕು ಮಾಡೋ,” ಎಂದ ಪಂಚರಣ್ಣ.

“ಅಪ್ಪಾ, ನಿಮಗೂ ಒಂದು ಅಂಟಿಸಿದ್ರೆ...” ಎಂದು ಷಡ್ಡಕ ಬಿಕ್ಕಿದ. ವರಾಂಡದಲ್ಲಿ ಅಪ್ಪನ ಹೆಣದ ಮುಂದೆ ಅವಳು ಬಿಕ್ಕಿದ್ದು ಹಾಗೆಯೇ, ನಡುವೆ ಉಸಿರು ಸಿಕ್ಕಿಕೊಳ್ಳುವುದೂ ಸೇರಿ.

ಪಂಚರಣ್ಣ ಹೆಲ್ಮೆಟ್ ಕಿತ್ತುಕೊಂಡು ಆ ಬಾಯಿಗೇ ಬಾರಿಸಿದ. ಹಲ್ಲು ಸಿಮೆಂಟಿನ ಮೇಲೆ ಟಿಕ್ಕೆಂದು ಬಿತ್ತು. ಷಡ್ಡಕನೂ ಸುಮ್ಮನೆ ಏಟು ತಿನ್ನುವವನಲ್ಲ. ವೀಲ್ ಸ್ಪ್ಯಾನರ್ ಎತ್ತಿ ಪಕ್ಕೆಗೆ ಬೀಸಿದ. ಪಂಚರಣ್ಣನ ಒಳಗೇನೋ ಲಟಕ್ಕೆಂದಿತು. ಅವನು ಮತ್ತೆ ಹೊಡೆದ. ಷಡ್ಡಕನ ಹುಬ್ಬಿನ ಚರ್ಮ ಹಳೇ ಟ್ಯೂಬಿನಂತೆ ಸೀಳಿತು. ಇನ್ನೊಂದೇಟಿಗೆ ತಲೆ ಕಬ್ಬಿಣದ ರಿಮ್ಮಿಗೆ ಅಪ್ಪಳಿಸಿತು. ಬಿದ್ದವನು ಏಳಲಿಲ್ಲ. ಗಿರಾಕಿ ಫೋನ್ ಹಿಡಿದು ಕೂಗುತ್ತ ಬೀದಿಗೆ ಓಡಿದ. ಪಂಚರಣ್ಣ ಬಿದ್ದವನ ಪಕ್ಕದಲ್ಲೇ ಹೆಲ್ಮೆಟ್ ಬಿಸಾಡಿ, ಬೈಕ್ ಹತ್ತಿ ಹಿಂದಿನ ಓಣಿಗೆ ನುಗ್ಗಿದ.

ಅರ್ಧ ಗಂಟೆ ಕಳೆದರೂ ಅಲ್ಲಿ ಒಂದು ಗೋಡೆಗೆ ಒರಗಿ ಕೈಯ ರಕ್ತ ಒರೆಸಿಕೊಳ್ಳುತ್ತಿರುವಾಗ ಹೆಂಡತಿಯ ಫೋನ್ ಬಂತು.

“ಯಾರ್ರೀ ನೀವು? ನಮ್ಮ ಯಜಮಾನರ ಜೊತೆ ಇದೀರಾ?”

“ನಾನೇ ಕಣೇ.”

“ಅವರ ಫೋನ್ ಕದ್ದಿದ್ದೂ ಅಲ್ಲದೆ ಅವರ ಥರಾನೇ ಮಾತಾಡ್ತೀಯಲ್ಲೋ, ಕಳ್ಳ. ಅವರು ಅಲ್ಲಿ ಆಸ್ಪತ್ರೆಲಿ ಪ್ರಜ್ಞೆ ಇಲ್ಲದೆ ಬಿದ್ದಿದಾರೆ. ಹೆಲ್ಮೆಟ್ಟಲ್ಲಿದ್ದ ನನ್ನ ಚೀಟಿ ನೋಡಿ ಫೋನ್ ಮಾಡಿದ್ರು. ಪೆನ್ಸಿಲಿನ್ ಕೊಡಬಹುದಾ ಅಂದ್ರು, ಧಾರಾಳವಾಗಿ ಕೊಡಿ ಅಂದೆ. ನೀನು ಹಾಳಾಗಿ ಹೋಗು.”

ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಪೆನ್ಸಿಲಿನ್. ಹಿಂದೊಮ್ಮೆ ಕಾಲು ಕೊಯ್ದುಕೊಂಡಾಗ ಆ ಸೂಜಿ ಚುಚ್ಚಿಸಿಕೊಂಡು ಷಡ್ಡಕನ ಮುಖ ಊದಿ, ಗಂಟಲು ಕಟ್ಟಿ, ತುಟಿ ನೀಲಿಯಾಗಿದ್ದನ್ನು ಕಂಡವನು ಪಂಚರಣ್ಣನೊಬ್ಬನೇ. “ಮನೇಲಿ ಹೇಳ್ಬೇಡಣ್ಣ, ಅತ್ತಿಗೆ ನನ್ನ ಹಣೆಗೇ ಚೀಟಿ ಅಂಟಿಸ್ತಾಳೆ,” ಎಂದಿದ್ದ. ಈಗ ಸುಮ್ಮನಿದ್ದರೆ, ಹೊಡೆದವನ ಹೆಸರು ಹೇಳಬೇಕಾದ ಬಾಯಿ ಇನ್ನು ತೆರೆಯುವುದಿಲ್ಲ. ಗಿರಾಕಿಗೆ ಪಂಚರಣ್ಣನ ಹೆಸರು ಗೊತ್ತಿಲ್ಲ.

ಪಂಚರಣ್ಣ ಅದನ್ನು ಯೋಚಿಸಿಯೇ ಯೋಚಿಸಿದ. ಆಮೇಲೆ ಬೈಕನ್ನು ಆಸ್ಪತ್ರೆಯ ಕಡೆ ತಿರುಗಿಸಿದ.

ತುರ್ತು ವಿಭಾಗದಲ್ಲಿ ನರ್ಸ್ ಸೂಜಿಗೆ ಔಷಧಿ ಎಳೆಯುತ್ತಿದ್ದಳು. ಪಂಚರಣ್ಣ ಅವಳ ಕೈಗೇ ಹೊಡೆದ; ತಟ್ಟೆ, ಬಾಟಲಿ ಎಲ್ಲವೂ ಚೂರಾದವು. ಪೊಲೀಸಿಗೆ ಹೇಳಿಕೆ ಕೊಡುತ್ತಿದ್ದ ಗಿರಾಕಿ ತಿರುಗಿ ನೋಡಿ, “ಇವನೇ ಸಾರ್. ಮುಗಿಸೋಕೇ ಬಂದಿದಾನೆ,” ಎಂದ.

ವಾರ್ಡಿನ ಆಳುಗಳು ಮುಗಿಬಿದ್ದರು. ಒಬ್ಬ ಮುರಿದ ಪಕ್ಕೆಗೇ ಒದ್ದ. ಪೊಲೀಸಿನ ದೊಣ್ಣೆ ನೆತ್ತಿ ಒಡೆಯಿತು, ಮೂಗೂ ಹೋಯಿತು.

“ಪೆನ್ಸಿಲಿನ್...” ಏಟು. “ಅವನಿಗೆ ಒಗ್ಗಲ್ಲ...” ಇನ್ನೊಂದು. “ಉಸಿರು ಕಟ್ಟುತ್ತೆ...”

“ನಿಲ್ಲಿಸ್ರಪ್ಪ,” ಎಂದರು ಡಾಕ್ಟರು. “ಈ ಚೀಟೀಲಿ ಒಗ್ಗದ ಔಷಧಿ ಯಾವುದೂ ಇಲ್ಲ ಅಂತ ಬರೆದಿದೆಯಲ್ಲ?”

“ಅದು ನನ್ನ ಚೀಟಿ ಸಾರ್. ಅವನದಲ್ಲ.”

“ನಿನ್ನ ಹೆಲ್ಮೆಟ್ ಅವನ ಹತ್ರ ಹೇಗೆ ಬಂತು?”

“ನಾನೇ ಕೊಟ್ಟೆ,” ಎಂದ ಪಂಚರಣ್ಣ, ಬಾಯಿಯ ರಕ್ತ ಉಗುಳಿ. “ತಲೆಗೆ.”

ಡಾಕ್ಟರು ಬೇರೆ ಔಷಧಿಯ ಸೂಜಿ ತರಿಸಿದರು. ಪಂಚರಣ್ಣನನ್ನು ಪಕ್ಕದ ಮಂಚಕ್ಕೆ ಎತ್ತಿಹಾಕಿ, ಒಂದು ಕೈಗೆ ಬೇಡಿ ತೊಡಿಸಿದರು. ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. ಆ ಮಂಚ ನೋಡಿದಳು, ಈ ಮಂಚ ನೋಡಿದಳು, ಪೊಲೀಸಿನ ಕೈಯಲ್ಲಿದ್ದ ರಕ್ತದ ಹೆಲ್ಮೆಟ್ ನೋಡಿದಳು.

“ಹೆಸರೇನು? ರಕ್ತದ ಗುಂಪು?” ಎಂದಳು ನರ್ಸ್, ದೂರದಲ್ಲೇ ನಿಂತು.

ಪಂಚರಣ್ಣ ಬೇಡಿಯಿಲ್ಲದ ಕೈಯಿಂದ ಹೆಲ್ಮೆಟ್ ತೋರಿಸಿದ.

ಪೊಲೀಸ್ ಅದನ್ನು ತಿರುವಿ ಹಿಡಿದು, ರಕ್ತ ಒರೆಸಿ, ಮೊದಲ ಸಾಲು ಓದಿದ. ನರ್ಸ್ ಹೆಸರು ಬರೆದುಕೊಂಡಳು. ಅವನೂ ಬರೆದುಕೊಂಡ.