ವೀರಸಾಗಡಲು

ಭೂಗೋಳ ಅಂಟಿಸುವವರು ಅಕ್ಷರ ಓದುತ್ತ ಕೂರುವುದಿಲ್ಲ, ಗೆರೆ ನೋಡುತ್ತಾರೆ. ಹನ್ನೆರಡು ಕಾಗದದ ಪಟ್ಟಿ. ಎರಡು ತುದಿಯೂ ಚೂಪು, ನಡು ಅಗಲ. ಒಂದೊಂದನ್ನೇ ಗಂಜಿಯಲ್ಲಿ ನೆನೆಸಿ ರಟ್ಟಿನ ಗುಂಡಿನ ಮೇಲೆ ಮಲಗಿಸಬೇಕು. ಈ ಪಟ್ಟಿಯ ಗೆರೆ ಆ ಪಟ್ಟಿಯ ಗೆರೆಗೆ ಕೂಡಿತೋ, ಅಲ್ಲಿಗೆ ಭೂಮಿ ಸರಿಯಾಯಿತು. ಊರು ಯಾವುದು, ಹೊಳೆ ಯಾವುದು ಅನ್ನುವುದು ಓದುವ ಮಕ್ಕಳ ತಲೆನೋವು.

ದೊಡ್ಡಮ್ಮ ಈ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಕಾರ್ಖಾನೆಯ ಅಷ್ಟೂ ಹೆಂಗಸರಿಗೆ ಅವಳು ದೊಡ್ಡಮ್ಮ. ಅವಳಿಗಿಂತ ಎರಡು ವರ್ಷ ದೊಡ್ಡವನಾದ ಮೇಸ್ತ್ರಿಗೂ ದೊಡ್ಡಮ್ಮನೇ. "ಭೂಮಿಗೆ ಸುಕ್ಕು ಬಿದ್ದರೂ ದೊಡ್ಡಮ್ಮ ಅಂಟಿಸಿದ ಗುಂಡಿನ ಮೇಲೆ ಬೀಳಲ್ಲ" ಅನ್ನುತ್ತಿದ್ದ ಅವನು. ಅವಳು ಕಡಲಿನ ಆಚೆ ದಡದವಳು. ಈಚೆಯವನ ಕೈಹಿಡಿದು ಹಡಗು ಹತ್ತಿ ಬಂದವಳು. ಕೈಹಿಡಿದವನು ತೀರಿಕೊಂಡಿದ್ದ, ಮಗಳು, ಮೊಮ್ಮಗಳು ಇಲ್ಲೇ ಇದ್ದರು. ಕಾಗದದಲ್ಲಿ ಮಾತ್ರ ಅವಳು ಇನ್ನೂ ಆಚೆಯವಳು. ಮೂರು ವರ್ಷಕ್ಕೊಮ್ಮೆ ವಾಸದ ಪತ್ರ ಹೊಸದು ಮಾಡಿಸಬೇಕು, ಅದಕ್ಕೆ ಕಾರ್ಖಾನೆಯ ಯಜಮಾನರು 'ಈಕೆ ನಂಬಿಕಸ್ಥೆ' ಎಂದು ಬರೆದುಕೊಡಬೇಕು. ಈ ಸಲದ್ದು ತಿಂಗಳ ಕೊನೆಗೆ ಮುಗಿಯುತ್ತಿತ್ತು. ಹೊಸದು ಸಿಗದಿದ್ದರೆ ಹಡಗು ಹತ್ತಬೇಕು, ಒಬ್ಬಳೇ.

ಆ ಕಡಲಿಗೆ ಎರಡು ಹೆಸರು. ಈಚೆಯವರು ವೀರಸಾಗರ ಅನ್ನುತ್ತಾರೆ. ಆಚೆಯವರಿಗೆ ಅದು ಸೂರ್ಯ ಮುಳುಗುವ ದಿಕ್ಕು. ಅವರು ಪಡುಗಡಲು ಅನ್ನುತ್ತಾರೆ. ಈ ಹೆಸರಿಗಾಗಿ ಎರಡು ದೇಶದ ದೊಡ್ಡವರು ಎಷ್ಟೋ ಸಲ ಎದುರುಬದುರು ಕೂತು, ಮುಖ ತಿರುಗಿಸಿ ಎದ್ದುಹೋಗಿದ್ದರು. ಟಿಕೇಟಿನ ಮೇಲೆ ತಪ್ಪು ಹೆಸರು ಅಚ್ಚಾಗಿದೆ ಎಂದು ಒಂದಿಡೀ ಹಡಗನ್ನೇ ಬಂದ ದಾರಿಗೆ ತಿರುಗಿಸಿದ್ದೂ ಉಂಟು.

ಯಜಮಾನರಿಗೆ ಎರಡೂ ದಡದಲ್ಲಿ ಗಿರಾಕಿಗಳು. ಹನ್ನೆರಡು ಪಟ್ಟಿಗಳಲ್ಲಿ ಹತ್ತು ಎಲ್ಲರಿಗೂ ಒಂದೇ. ಕಡಲಿನ ಹೆಸರು ಬೀಳುವುದು ಏಳನೆಯ ಮತ್ತು ಎಂಟನೆಯ ಪಟ್ಟಿಯ ಮೇಲೆ, ಅರ್ಧರ್ಧ. ಈಚೆಯವರದಾದರೆ ಏಳರ ಮೇಲೆ 'ವೀರಸಾ', ಎಂಟರ ಮೇಲೆ 'ಗರ'. ಆಚೆಯವರದಾದರೆ ಏಳರ ಮೇಲೆ 'ಪಡು', ಎಂಟರ ಮೇಲೆ 'ಗಡಲು'. ಆಚೆಗೆ ಹೋಗುವ ಪಟ್ಟಿಗಳ ತಟ್ಟೆ ದೊಡ್ಡಮ್ಮನ ಮೇಜಿನ ಮೇಲೆ ಮಾತ್ರ ಇರುತ್ತಿತ್ತು. "ನಿಮ್ಮ ತವರಿನ ಮಾಲು, ನೀವೇ ಮಾಡಿ" ಎಂದು ಯಜಮಾನರೇ ನಗುತ್ತ ಕೊಟ್ಟಿದ್ದರು.

ಸೋಮವಾರ ಬೆಳಿಗ್ಗೆ ಶಿಕ್ಷಣ ಕಚೇರಿಯಿಂದ ಒಂದು ಗುಂಡು ವಾಪಸು ಬಂತು, ಜೊತೆಗೊಂದು ಕಾಗದ. ಮೇಸ್ತ್ರಿ ಗುಂಡನ್ನು ಎಲ್ಲರ ನಡುವೆ ತಂದಿಟ್ಟ. ನೀರಿನ ಮೇಲೆ ಚೆಂದದ ಅಕ್ಷರದಲ್ಲಿ ಬರೆದಿತ್ತು: ವೀರಸಾಗಡಲು.

"ಇದ್ಯಾವುದೇ ಇದು, ಸಾಗಡಲು?" ಎಂದಳು ವಾರ್ನಿಷ್ ಬಳಿಯುವವಳು.

"ಮುಂದಕ್ಕೆ ಸಾಗದ ಕಡಲು ಇರಬೇಕು" ಎಂದಳು ಇನ್ನೊಬ್ಬಳು.

ಹೆಂಗಸರು ಬಾಯಿಗೆ ಮೊಣಕೈ ಅಡ್ಡ ಹಿಡಿದು ನಕ್ಕರು, ಅಂಗೈಯೆಲ್ಲ ಗಂಜಿ. ದೊಡ್ಡಮ್ಮನೂ ನಕ್ಕಳು. ಮೇಸ್ತ್ರಿ ನಗಲಿಲ್ಲ. ಗುಂಡನ್ನು ನೋಡಿ ಸರಿಯಿದೆ ಎಂದು ಪಾಸು ಮಾಡಿದ್ದವನು ಅವನೇ.

"ನಗಬೇಡಿ. ನಮ್ಮ ಸಾಗರಕ್ಕೆ ಬೇರೆಯವರ ಬಾಲ ಅಂಟಿಸಿದ್ದೀರಿ ಅಂತ ಬರೆದಿದ್ದಾರೆ. ಯಾರು ಮಾಡಿದ್ದು, ಬೇಕಂತಲೇ ಮಾಡಿದ್ದಾ, ಗುರುವಾರದೊಳಗೆ ಬರೆದು ತಿಳಿಸಿ ಅಂದಿದ್ದಾರೆ."

ಹಾಗೆನ್ನುವಾಗ ಅವನು ಯಾರನ್ನೂ ನೋಡಲಿಲ್ಲ. ಹೆಂಗಸರು ತಂತಮ್ಮ ಕೈ ನೋಡಿಕೊಂಡರು. ಅಷ್ಟೂ ಜನ ಸೇರಿ ತನ್ನನ್ನು ನೋಡದೇ ಇರುವುದು ದೊಡ್ಡಮ್ಮನಿಗೆ ತಿಳಿಯಿತು. 'ಗಡಲು' ಇದ್ದದ್ದು ಅವಳ ತಟ್ಟೆಯಲ್ಲಿ.

ಊಟಕ್ಕೆ ಎಲ್ಲರೂ ಹೊರಗಿನ ಬೆಂಚಿಗೆ ಹೋದ ಮೇಲೆ ಅವಳು ಗುಂಡನ್ನು ಮಡಿಲಲ್ಲಿಟ್ಟುಕೊಂಡು ಕೂಡಿಕೆಯ ಮೇಲೆ ಉಗುರು ಆಡಿಸಿದಳು. ಆಮೇಲೆ ಅಂಟಿಸಿದ ಪಟ್ಟಿಯ ಅಂಚು ಮೊದಲಿನದರ ಮೇಲೆ ಕೂದಲೆಳೆಯಷ್ಟು ಏರಿರುತ್ತದೆ. ಎಲ್ಲರೂ ಎಡದಿಂದ ಬಲಕ್ಕೆ ಅಂಟಿಸುತ್ತಾರೆ, ಹಾಗಾಗಿ ಉಗುರು ಬಲಕ್ಕೆ ಸರಿಯುವಾಗ ತಡೆಯಬೇಕು. ಇದರಲ್ಲಿ ಬಲಕ್ಕೆ ಬೆಣ್ಣೆಯ ಮೇಲೆ ಸರಿದಂತೆ ಸರಿಯಿತು. ಎಡಕ್ಕೆ ತಂದಾಗ ತಡೆಯಿತು. ಮೂರು ಸಲ ವಾರ್ನಿಷ್ ಬಳಿದಿದ್ದರೂ ತಡೆಯಿತು.

ಬಲದಿಂದ ಎಡಕ್ಕೆ ಅಂಟಿಸುವವಳು ಆ ಕೋಣೆಯಲ್ಲಿ ಒಬ್ಬಳೇ: ಪಕ್ಕದ ಮೇಜಿನ ಹುಡುಗಿ, ಎಂಟು ತಿಂಗಳ ಹಿಂದೆ ಸೇರಿದವಳು. ಎಡಗೈಯವಳು, ಎಲ್ಲರ ಬಾಯಲ್ಲೂ ಎಡಚಿ. ದೊಡ್ಡಮ್ಮನೇ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದ್ದಳು.

ಕೈತೊಳೆಯುವ ತೊಟ್ಟಿಯ ಹತ್ತಿರ ಅವಳನ್ನು ಹಿಡಿದಳು.

"ಎಂಟನೇ ಪಟ್ಟಿ ಹರಿದುಹೋಯ್ತಾ?"

ಎಡಚಿ ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. "ಜಾಸ್ತಿ ನೆನೆದು ಹರೀತು. ಮೇಸ್ತ್ರಿ ಹತ್ರ ಇನ್ನೊಂದು ಕೇಳೋಣ ಅಂದ್ರೆ, ಅವತ್ತು ಆಗ್ಲೇ ಎರಡು ಸಲ ಬೈದಿದ್ರು. ನೀವು ಚಹಾ ಕುಡಿಯೋಕೆ ಹೋಗಿದ್ರಿ. ನಿಮ್ಮ ತಟ್ಟೆಯಿಂದ ತಗೊಂಡೆ ದೊಡ್ಡಮ್ಮ. ಗೆರೆ ಎಲ್ಲಾ ಕೂಡಿತ್ತು."

"ಕೂಡಿತ್ತು, ಅದೇನೋ ನಿಜ."

"ನನ್ನ ಕೆಲಸದಿಂದ ತೆಗೆದುಬಿಡ್ತಾರಾ?"

"ನಿನ್ನ ಬೈತಾರೆ. ನನ್ನ ಕಳಿಸ್ತಾರೆ. ನೀನು ಮಾಡಿದ್ರೆ ಕೈತಪ್ಪು ಕಣೇ, ನಾನು ಮಾಡಿದ್ರೆ ದ್ರೋಹ."

ಹುಡುಗಿ ನಲ್ಲಿ ನಿಲ್ಲಿಸಿದಳು. "ನಾಳೆ ಹೇಳ್ತೀನಿ ದೊಡ್ಡಮ್ಮ. ನಾನೇ ಹೇಳ್ತೀನಿ."

ನಾಳೆ ಬಂತು, ಹೋಯಿತು. ಎಡಚಿ ಎರಡು ಸಲ ಮೇಸ್ತ್ರಿಯ ಮೇಜಿನವರೆಗೆ ಹೋಗಿ, ಎರಡು ಸಲವೂ ಗಂಜಿ ತುಂಬಿಸಿಕೊಂಡು ವಾಪಸು ಬಂದಳು. ಗಂಜಿಯ ಡಬ್ಬಿ ಅರ್ಧವೂ ಖಾಲಿಯಾಗಿರಲಿಲ್ಲ. ದೊಡ್ಡಮ್ಮನಿಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ಇವಳ ವಯಸ್ಸಿನಲ್ಲಿ ತಾನೂ ಹೀಗೇ ಇದ್ದೆನಲ್ಲ ಅಂದುಕೊಂಡಳು. ಹೊಸ ದೇಶದ ಅಂಗಡಿಯಲ್ಲಿ ಉಪ್ಪು ಕೇಳಲು ನಾಚಿ ವಾರಗಟ್ಟಲೆ ಸಪ್ಪೆ ಉಂಡಿದ್ದಳು.

ಮನೆಯಲ್ಲಿ ಮಗಳು ಬಟ್ಟೆ ಮಡಿಸುತ್ತ ಸಿಡುಕಿದಳು. "ಅವಳ ಹೆಸರು ಹೇಳಿಬಿಡಮ್ಮ. ನಿನಗ್ಯಾಕೆ ಊರ ಉಸಾಬರಿ?"

"ಹೇಳಿದ್ರೆ, ಆಚೆಯವಳು ತಾನು ತಪ್ಪಿಸಿಕೊಳ್ಳೋಕೆ ನಮ್ಮ ಹುಡುಗಿ ಮೇಲೆ ಹಾಕಿದ್ಲು ಅಂತಾರೆ. ಅವಳ ಬಾಯಿಂದ ಬಂದ್ರೆ ಮಾತ್ರ ಅದು ನಿಜ."

ಮೊಮ್ಮಗಳು ಪುಸ್ತಕದಿಂದ ತಲೆಯೆತ್ತಿದಳು. "ಅಜ್ಜಿ, ನೀನು ಚಿಕ್ಕೋಳಿದ್ದಾಗ ಆ ನೀರಿಗೆ ನೀವೆಲ್ಲ ಏನಂತಿದ್ರಿ?"

"ಕಡಲು ಅಂತಿದ್ವಿ. ಇದ್ದಿದ್ದೇ ಒಂದು. ಒಬ್ಬನೇ ಮಗ ಇರೋ ಮನೇಲಿ 'ಮಗಾ' ಅಂತ ಕರೀತಾರೆ ನೋಡು, ಹಾಗೆ."

ಗುರುವಾರ ಹತ್ತು ಗಂಟೆಗೆ ಯಜಮಾನರು ಕರೆಸಿದರು. ಮೇಸ್ತ್ರಿ ಕಿಟಕಿಯ ಪಕ್ಕ ನಿಂತಿದ್ದ. ಮೇಜಿನ ಮೇಲೆ ಬರೆದಿಟ್ಟ ಕಾಗದ, ಅದರ ಮೇಲೆ ಪೆನ್ನು.

"ಕೂತ್ಕೊಳ್ಳಿ ದೊಡ್ಡಮ್ಮ. ಮೆತ್ತಗೆ ಬರೆದಿದ್ದೀನಿ. ವಯಸ್ಸಾಗಿದೆ, ಕಣ್ಣು ಮಂಜು, ಗೊತ್ತಿಲ್ಲದೆ ಆಗಿದೆ ಅಂತ. ನೀವೊಂದು ಸಹಿ ಹಾಕಿದ್ರೆ ಇಲ್ಲಿಗೆ ಮುಗೀತು."

ಅವರು ಕೆಟ್ಟವರಲ್ಲ. ಅವಳ ಗಂಡ ಆಸ್ಪತ್ರೆಯಲ್ಲಿದ್ದಾಗ ಎರಡು ವಾರ ತಾವೇ ಗಾಡಿ ಕಳಿಸಿದ್ದರು. ಅದಕ್ಕೇ ಅವಳು ಮೆತ್ತಗೆ ಕೇಳಿದಳು.

"ವಾಸದ ಪತ್ರದವರೂ ಇದನ್ನ ಓದ್ತಾರಾ?"

ಯಜಮಾನರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಓದಬಹುದು."

ಎಡಚಿಯ ಹೆಸರು ದೊಡ್ಡಮ್ಮನ ನಾಲಿಗೆಯ ತುದಿಗೆ ಬಂತು. ಅಲ್ಲೇ ತಡೆದಳು.

"ಯಜಮಾನ್ರೇ, ಇದು ಯಾರು ಮಾಡಿದ್ದು ಅಂತ ಯಾರ್ಯಾರನ್ನ ಕೇಳಿದ್ರಿ?"

ಯಜಮಾನರು ಮೇಸ್ತ್ರಿಯನ್ನು ನೋಡಿದರು. ಮೇಸ್ತ್ರಿ ಕಿಟಕಿಯ ಆಚೆ ನೋಡಿದ.

"ನನ್ನನ್ನೂ ಕೇಳಿಲ್ಲ ನೀವು. ಸಹಿ ಮಾತ್ರ ಕೇಳ್ತಿದ್ದೀರಿ. ಎಲ್ಲರನ್ನೂ ಇಲ್ಲಿಗೆ ಕರೆದು ಒಂದ್ಸಲ ಕೇಳಿ. ಯಾರೂ ಒಪ್ಪದಿದ್ರೆ ಆ ಕಾಗದ ಇತ್ತ ಕೊಡಿ, ಸಹಿ ಹಾಕ್ತೀನಿ."

ಏನು ಆಡಿದೆನೆಂದು ಆಡಿದ ಮೇಲೆ ಅವಳಿಗೆ ಹೊಳೆಯಿತು. ಮೂರು ದಿನ ಬಾಯಿ ಬಿಡದ ಹುಡುಗಿಯನ್ನು ನಂಬಿ ಮೊಮ್ಮಗಳನ್ನೇ ಪಣಕ್ಕಿಟ್ಟಂತಾಗಿತ್ತು.

ಹೆಂಗಸರು ಒದ್ದೆ ಏಪ್ರನ್‌ನಲ್ಲೇ ಬಂದು ಗೋಡೆಗೆ ಅಂಟಿ ನಿಂತರು. ಯಜಮಾನರು ಕೇಳಿದರು. "ನನಗೆ ಓದೋಕೇ ಬರಲ್ಲ" ಎಂದಳು ಸೋಮವಾರ ಅದನ್ನು ಓದಿ ನಕ್ಕಿದ್ದ ವಾರ್ನಿಷಿನವಳೇ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವಳ ಹಾಗೆ. ಬೇರೆ ಯಾರೂ ಮುಂದೆ ಬರಲಿಲ್ಲ. ದೊಡ್ಡಮ್ಮ ಬೇಕೆಂದೇ ಎಡಚಿಯ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಪೆನ್ನನ್ನು ನೋಡುತ್ತ ಕೂತಳು. ಸರಿ, ಇಷ್ಟೇ ಅಂದುಕೊಂಡು ಅದರ ಕಡೆ ಕೈ ಚಾಚಿದಳು.

"ನಾನು."

"ಯಾರದು? ಜೋರಾಗಿ ಹೇಳು" ಎಂದ ಮೇಸ್ತ್ರಿ.

"ನಾನು ಅಂದೆ. ನನ್ನ ಪಟ್ಟಿ ಹರೀತು. ದೊಡ್ಡಮ್ಮ ಇಲ್ಲದಾಗ ಅವರ ತಟ್ಟೆಯಿಂದ ತಗೊಂಡೆ." ಎಡಚಿ ಅಳುತ್ತಿದ್ದಳು, ಆದರೂ ನಿಲ್ಲಿಸಲಿಲ್ಲ. "ಅವರಿಗೆ ಗೊತ್ತಿತ್ತು. ಕೂಡಿಕೆ ಮುಟ್ಟಿ ನೋಡಿ, ಉಲ್ಟಾ ಇದೆ. ಅವರು ನನ್ನ ಹೆಸರು ಹೇಳಲಿಲ್ಲ."

ಯಜಮಾನರು ಗುಂಡಿನ ಮೇಲೆ ಬೆರಳಾಡಿಸಿದರು. ಅವರಿಗೆ ಏನು ತಿಳಿಯಿತೋ, ಕುರ್ಚಿಗೆ ಒರಗಿ ನಕ್ಕುಬಿಟ್ಟರು.

"ಅಯ್ಯೋ, ಇಷ್ಟೇನಾ? ಹರಿದ್ರೆ ಇನ್ನೊಂದು ಕೇಳಬಾರದೇನೇ, ಪೆದ್ದಿ?"

ಬರೆದಿಟ್ಟದ್ದನ್ನು ಹರಿದುಹಾಕಿ, 'ಹೊಸ ಕೆಲಸಗಾರ್ತಿಯ ಕೈತಪ್ಪು' ಎಂದು ಬೇರೆ ಬರೆದು ಎಲ್ಲರಿಗೂ ಓದಿ ಹೇಳಿದರು. ಕೋಣೆ ಹಗುರಾಯಿತು. "ನನಗೆ ಮೊದಲೇ ಅನುಮಾನ ಇತ್ತು" ಎಂದ ಮೇಸ್ತ್ರಿ. ಯಾರೋ ಎಡಚಿಯ ಬೆನ್ನು ತಟ್ಟಿ ಕರೆದುಕೊಂಡು ಹೋದರು.

ದೊಡ್ಡಮ್ಮ ಕೂತಲ್ಲಿಂದ ಏಳಲಿಲ್ಲ. ಅದೇ ಗುಂಡು, ಅದೇ ನಾಲ್ಕಾರು ಅಕ್ಷರ. ಕಾಲು ಗಂಟೆಯ ಹಿಂದೆ ಅವಳ ಹೆಗಲ ಮೇಲೆ ಬಂಡೆಯಾಗಿದ್ದದ್ದು ಹುಡುಗಿಯ ಹೆಗಲಿಗೆ ಹೋಗುತ್ತಲೇ 'ಇಷ್ಟೇನಾ' ಆಗಿಹೋಯಿತು.

"ಬೇಜಾರು ಮಾಡ್ಕೋಬೇಡಿ ದೊಡ್ಡಮ್ಮ" ಎಂದರು ಯಜಮಾನರು. "ಇನ್ನು ಮೇಲೆ ಆಚೆಯ ಮಾಲು ಬೇರೆ ಯಾರಾದ್ರೂ ಮಾಡ್ಲಿ. ಯಾರೂ ನಿಮ್ಮ ಕಡೆ ಬೆರಳು ತೋರಿಸೋ ಹಾಗಿರಲ್ಲ."

"ಅದನ್ನ ಆಮೇಲೆ ನೋಡೋಣ. ನನ್ನ ವಾಸದ ಪತ್ರಕ್ಕೆ ಬರೆದುಕೊಡಿ."

"ಅದಕ್ಕೇನು ಅವಸರ, ಮುಂದಿನ ವಾರ..."

"ಈಗ್ಲೇ ಕೊಡಿ ಯಜಮಾನ್ರೇ. ನೀವು ನಗ್ತಾ ಇರೋವಾಗ್ಲೇ."

ಅವರ ನಗು ನಿಂತಿತು. ಹಾಳೆ ಎಳೆದುಕೊಂಡು ಬರೆಯತೊಡಗಿದರು. ಹುಟ್ಟಿದ ಊರಿನ ಸಾಲಿಗೆ ಬಂದಾಗ ಪೆನ್ನು ತಡೆಯಿತು.

"ಯಾವ ಕಡಲಿನ ಆಚೆ ದಡ ಅಂತ ಬರೀಬೇಕು. ಯಾವ ಹೆಸರು ಹಾಕಲಿ?"

"ಪತ್ರ ಕೊಡೋರಿಗೆ ಯಾವುದು ಬೇಕೋ ಅದನ್ನ ಹಾಕಿ. ಅರ್ಧರ್ಧ ಬೇಡ, ಪೂರ್ತಿ ಬರೀರಿ, ಅಷ್ಟೇ."

ಯಜಮಾನರು ಕಿವಿ ಕೆಂಪು ಮಾಡಿಕೊಂಡು ಬರೆದರು, ಎರಡು ಸಲ ಓದಿದರು, ಸಹಿ ಹಾಕಿ ಕಾಗದವನ್ನು ಅವಳ ಕಡೆ ತಳ್ಳಿದರು. ದೊಡ್ಡಮ್ಮ ಅದನ್ನು ಮುಟ್ಟಲಿಲ್ಲ.

"ಸೀಲು" ಎಂದಳು.

ಯಜಮಾನರು ಡ್ರಾಯರ್ ಎಳೆದು ಹುಡುಕತೊಡಗಿದರು. ಅವಳು ಕೈಕಟ್ಟಿ ಕೂತು ಕಾದಳು.