ಹನ್ನೊಂದು ಬೋಲ್ಟು

ಮಾವ ಸ್ಪ್ಯಾನರ್ ಮುಟ್ಟಿ ಒಂದು ವರ್ಷವಾಗಿತ್ತು. ಮೂವತ್ತೆಂಟು ವರ್ಷ ಬಸ್ ಡಿಪೋದಲ್ಲಿ ದುಡಿದು, ಬೀದಿಗೆಲ್ಲ ಡಿಪೋ ಮೇಸ್ತ್ರಿ ಎನಿಸಿಕೊಂಡವರು. ಹೋದ ವರ್ಷ ಕಾಯಿಲೆ ಬಿದ್ದು ಎದ್ದಾಗ ಬಲಗೈಯಲ್ಲೊಂದು ಸಣ್ಣ ನಡುಕ ಉಳಿದುಬಿಟ್ಟಿತು. ಅಂದಿನಿಂದ ಅವರಾಯಿತು, ಕಿಟಕಿ ಪಕ್ಕದ ಕುರ್ಚಿಯಾಯಿತು. ಏನು ಕೇಳಿದರೂ ಹೂಂ, ಊಟಕ್ಕೆ ಕರೆದರೂ ಹೂಂ.

ಅಂಥವರು ಸೋಮವಾರ ಬೆಳಿಗ್ಗೆ ತಾವಾಗಿಯೇ ಎದ್ದು ಹಿತ್ತಲಿನ ಶೆಡ್ಡಿಗೆ ಹೋಗಿ, ಗೋಣಿ ಹೊದ್ದು ನಿಂತಿದ್ದ ತಮ್ಮ ಹಳೆಯ ಸ್ಕೂಟರಿನ ಇಂಜಿನ್ ಬಿಚ್ಚತೊಡಗಿದರು. ಸೊಸೆ ಹೊಲಿಗೆ ಯಂತ್ರ ನಿಲ್ಲಿಸಿ, ಕುತ್ತಿಗೆ ಚಾಚಿ ನೋಡಿದಳು.

"ಮಾತಾಡಿಸ್ಬೇಡ," ಅಂದರು ಅತ್ತೆ, ಪಿಸುಮಾತಿನಲ್ಲಿ. "ನಾವು ನೋಡ್ತಿದೀವಿ ಅಂತ ಗೊತ್ತಾದ್ರೆ ಮತ್ತೆ ಹೋಗಿ ಕುರ್ಚಿಗೆ ಅಂಟ್ಕೊಂಡುಬಿಡ್ತಾರೆ."

ಇಬ್ಬರೂ ಎರಡು ದಿನ ಏನೂ ಕಾಣದವರಂತೆ ಓಡಾಡಿದರು. ಬುಧವಾರ ಮಾವನೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಜಿಡ್ಡು, ತುಕ್ಕು ತೆಗೀಬೇಕಿತ್ತು. ನನ್ನ ಕೈಲಿ ಬ್ರಷ್ ನಿಲ್ತಿಲ್ಲ. ನಿಂಗೆ ಪುರುಸೊತ್ತಿದ್ಯಾ ಅಮ್ಮ?"

ಅವಳ ಮೇಜಿನ ಮೇಲೆ ಅಂಚು ಮಡಿಸಬೇಕಾದ ಆರು ಲಂಗಗಳು ಬಿದ್ದಿದ್ದವು. "ಬೇಕಾದಷ್ಟಿದೆ ಮಾವ," ಅಂದಳು.

ಮಾವ ಒಂದೇ ಒಂದು ಎಚ್ಚರಿಕೆ ಹೇಳಿದರು: ಇಂಜಿನ್ನಿನ ಮುಚ್ಚಳ ಅಲ್ಯೂಮಿನಿಯಂದು, ಅದಕ್ಕೆ ಸೀಮೆಎಣ್ಣೆ ಸಾಕು, ವಿನಿಗರ್ ತಾಗಿಸಬಾರದು, ವಿನಿಗರ್ ಏನಿದ್ದರೂ ತುಕ್ಕು ಹಿಡಿದ ಕಬ್ಬಿಣಕ್ಕೆ. ಅವಳು ಮುಚ್ಚಳವನ್ನು ಹಳೇ ತಟ್ಟೆಯಲ್ಲಿಟ್ಟು, ಗಂಡನ ಹಲ್ಲುಜ್ಜುವ ಹಳೇ ಬ್ರಷ್ಷಿಗೆ ಸೀಮೆಎಣ್ಣೆ ಅದ್ದಿ ಸಂದುಗೊಂದು ಬಿಡದೆ ಉಜ್ಜಿದಳು. ಅಂಟಿಕೊಂಡಿದ್ದ ಕಪ್ಪು ಜಿಡ್ಡು ಮೇಣದ ಹಾಗೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಬೋಲ್ಟುಗಳನ್ನು ಒಂದು ರಾತ್ರಿ ವಿನಿಗರಿನಲ್ಲಿ ನೆನೆಹಾಕಿ, ಬೆಳಿಗ್ಗೆ ತಂತಿ ಬ್ರಷ್ಷಿನಿಂದ ತಿಕ್ಕಿ, ಸೋಪುನೀರಿನಲ್ಲಿ ತೊಳೆದಳು. ಮತ್ತೆ ತುಕ್ಕು ಏಳದಿರಲೆಂದು ಬಿಸಿಲಲ್ಲಿ ಒಣಗಿಸಿ ಎಣ್ಣೆಬಟ್ಟೆಯಲ್ಲಿ ಒರೆಸಿದಳು. ಹನ್ನೊಂದೂ ಹೊಸ ಸೂಜಿಯಂತೆ ಹೊಳೆದವು. ಒಂದು ಡಬ್ಬಿಗೆ ತುಂಬಿ ಮಾವನ ಮುಂದಿಟ್ಟಳು.

ಮಾವ ಡಬ್ಬಿ ನೋಡಿದರು. ಅವಳ ಮುಖ ನೋಡಿದರು.

"ರಟ್ಟು ಎಲ್ಲಮ್ಮ?"

"ಯಾವ ರಟ್ಟು?"

"ಬೋಲ್ಟು ಚುಚ್ಚಿಟ್ಟಿದ್ನಲ್ಲ, ಶರ್ಟಿನ ಡಬ್ಬದ ಮುಚ್ಚಳ."

ಅದು ಜಿಡ್ಡು ಮೆತ್ತಿಕೊಂಡು ಹೊಲಸಾಗಿತ್ತು. ಹೊಲಸು ಕಂಡರೆ ಅವಳಿಗೆ ಕೈ ಸುಮ್ಮನಿರುವುದಿಲ್ಲ. ಬೋಲ್ಟುಗಳನ್ನೆಲ್ಲ ಕಿತ್ತು, ರಟ್ಟನ್ನು ಬೆಳಿಗ್ಗೆಯೇ ಕಸದ ಗಾಡಿಗೆ ಹಾಕಿಬಿಟ್ಟಿದ್ದಳು.

ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಧಾನವಾಗಿ ಬಿಡಿಸಿ ಹೇಳಿದರು. ಆ ರಟ್ಟಿನ ಮೇಲೆ ಇಂಜಿನ್ ಮುಚ್ಚಳದ ಚಿತ್ರ ಬರೆದು, ಆಯಾ ತೂತಿನ ಬೋಲ್ಟನ್ನು ಆಯಾ ಜಾಗಕ್ಕೇ ಚುಚ್ಚಿದ್ದರಂತೆ. ಬೋಲ್ಟುಗಳಲ್ಲಿ ನಾಲ್ಕು ಉದ್ದ. ಗಿಡ್ಡ ಬೋಲ್ಟಿನ ಜಾಗಕ್ಕೆ ಉದ್ದದ್ದನ್ನು ಹಾಕಿ ಬಿಗಿದರೆ ಒಳಗಿನ ಅಲ್ಯೂಮಿನಿಯಂ ಸೀಳಿಹೋಗುತ್ತದೆ. ಅಂಥ ಇಂಜಿನ್ ಈಗ ಎಲ್ಲೂ ಸಿಗುವುದಿಲ್ಲ.

"ಇರ್ಲಿ ಬಿಡು," ಅಂದು ಮಾವ ಮಂಡಿಗೆ ಕೈಕೊಟ್ಟು ಎದ್ದರು. "ಆಗೋ ಕೆಲ್ಸ ಅಲ್ಲ ಇದು."

ಅವರ ಕಣ್ಣು ಮನೆಯೊಳಗಿನ ಕುರ್ಚಿಯ ಕಡೆ ಹೋದದ್ದನ್ನು ಅವಳು ಕಂಡಳು. ಈಗ ಆ ಕುರ್ಚಿಯಲ್ಲಿ ಕೂತರೆ ಇನ್ನು ಏಳುವವರಲ್ಲ. ಅದೂ ತನ್ನಿಂದ.

"ಮಾವ, ರಟ್ಟಿಲ್ದೆ ಕಂಡುಹಿಡಿಯೋಕೆ ಆಗೋದೇ ಇಲ್ವಾ? ಡಿಪೋದಲ್ಲಿ ಯಾರೂ ಯಾವತ್ತೂ ಕಳೆದಿರ್ಲಿಲ್ವಾ?"

"ಕಳೀದೆ ಏನು." ಮಾವ ಬಾಗಿಲಲ್ಲೇ ನಿಂತರು. "ತಿರುಗಿಸ್ದೆ ಸುಮ್ನೆ ತೂತಿಗೆ ಇಳಿಬಿಡ್ತಿದ್ವಿ. ಅದರದರ ಜಾಗದಲ್ಲಿದ್ರೆ ತಲೆಗಳೆಲ್ಲ ಒಂದೇ ಎತ್ತರಕ್ಕೆ ನಿಲ್ತವೆ. ಆದ್ರೆ ಅಷ್ಟು ಸೂಕ್ಷ್ಮ ಈ ಕಣ್ಣಿಗೆಲ್ಲಿ ಕಾಣುತ್ತೆ."

"ನನ್ನ ಕಣ್ಣಿಗೆ ಕಾಣುತ್ತೆ. ದಿನಾ ಲಂಗದ ಅಂಚು ನೋಡೋದು ಇನ್ನೇನಕ್ಕೆ ಮಾವ. ಒಂದೆಳೆ ಏರುಪೇರಾದ್ರೂ ಗಿರಾಕಿ ಮುಖಕ್ಕೆ ಎಸೆದು ಹೋಗ್ತಾರೆ."

ಮಾವ ಅರೆಮನಸ್ಸಿನಿಂದಲೇ ವಾಪಸ್ಸು ಬಂದರು. ಇಬ್ಬರೂ ಸೇರಿ ಇಂಜಿನ್ನನ್ನು ಮಗ್ಗುಲಾಗಿ ಮಲಗಿಸಿ ಮುಚ್ಚಳ ಕೂರಿಸಿದರು. ಅವಳು ಹನ್ನೊಂದು ಬೋಲ್ಟನ್ನೂ ಇಳಿಬಿಟ್ಟು, ಕೆನ್ನೆಯನ್ನು ಮುಚ್ಚಳಕ್ಕೆ ತಾಗುವಷ್ಟು ಬಗ್ಗಿಸಿ ಒಂದು ಕಣ್ಣು ಮುಚ್ಚಿದಳು.

"ಮೂರನೇದು ಕುಳ್ಳಾಯ್ತು ಮಾವ."

"ಎಷ್ಟು?"

"ಎರಡು ಗುಂಡಿ ದಪ್ಪದಷ್ಟು."

"ಗುಂಡಿ ಲೆಕ್ಕ ನಂಗೇನು ಗೊತ್ತು. ಮಿಲಿಮೀಟರಲ್ಲಿ ಹೇಳು."

"ಶರ್ಟಿನ ಗುಂಡಿ ಮಾವ. ಎರಡು ಸೇರಿದ್ರೆ ಐದಕ್ಕೆ ಚೂರು ಕಮ್ಮಿ."

"ಹಾಗಾದ್ರೆ ಅದು ಏಳನೇದ್ರ ಜೊತೆ ಅದಲುಬದಲು. ಅಲ್ಲಲ್ಲ, ಅದನ್ನ ಮುಟ್ಟು ಅಂತ ಯಾರು ಹೇಳಿದ್ದು ನಿಂಗೆ? ಪಕ್ಕದ್ದು. ಎಡಕ್ಕೆ. ಎಡ ಅಂದ್ರೆ ಎಡ."

ದನಿ ಒಂದು ಮೆಟ್ಟಿಲು ಏರಿತ್ತು. ಅತ್ತೆ ಒಳಗಿಂದ ಕೈ ಒರೆಸಿಕೊಳ್ಳುತ್ತ ಬಂದರು.

"ಏನೇ, ಬೈತಿದಾರಾ?"

"ಹೂಂ ಅತ್ತೆ."

"ಬೈಲಿ ಬಿಡು," ಅಂದರು ಅತ್ತೆ. ಬಾಗಿಲ ಮರೆಯಲ್ಲಿ ನಿಂತು, ಒಲೆಯ ಮೇಲಿಟ್ಟದ್ದು ಉಕ್ಕುವವರೆಗೂ ಆ ಬೈಗುಳವನ್ನೇ ಕೇಳಿದರು.

ಹತ್ತು ಬೋಲ್ಟು ಸಮಕ್ಕೆ ಬಂದವು. ಹನ್ನೊಂದನೆಯದರಲ್ಲಿ ಅವಳ ಕಣ್ಣೂ ಸೋತಿತು. ಒಮ್ಮೆ ಸರಿ ಅನ್ನಿಸುತ್ತಿತ್ತು, ಒಮ್ಮೆ ಇಲ್ಲ. "ಆ ಕಡೆ ಸರ್ಕೋ ನೀನು," ಅಂದು ಮಾವ ನಡುಗುವ ಕೈಯನ್ನೇ ಮುಂದೆ ತಂದರು. ಮೊದಲು ಎಡಗೈಯಿಂದ ಅದರ ಮಣಿಕಟ್ಟು ಹಿಡಿದು ಅಲುಗಾಡದಂತೆ ಮಾಡಿ, ಹೆಬ್ಬೆರಳನ್ನು ಅಕ್ಕಪಕ್ಕದ ಎರಡು ತಲೆಗಳ ಮೇಲೆ ಸವರಿದರು. ಕಣ್ಣು ಮುಚ್ಚಿಕೊಂಡಿದ್ದರು.

"ಸರಿಯಾಗಿದೆ. ಒಂದು ಕೂದಲೂ ಹೆಚ್ಚುಕಮ್ಮಿ ಇಲ್ಲ. ಕೈಯಲ್ಲೇ ತಿರುಗ್ಸು, ಬಿಗಿಯೋದು ಆಮೇಲೆ."

ಅವಳು ತಿರುಗಿಸಿದಳು. ತುಕ್ಕು ಬಿಟ್ಟ ಬೋಲ್ಟುಗಳು ಒಂದಾದ ಮೇಲೊಂದು ಸದ್ದಿಲ್ಲದೆ ಇಳಿದವು. ಮಾವ ಪ್ರತಿಯೊಂದು ಇಳಿಯುವುದನ್ನೂ ಬಗ್ಗಿ ನೋಡಿದರು.

"ತೊಳ್ದಿದ್ದು ಚೆನ್ನಾಗೇ ತೊಳ್ದಿದೀಯ," ಅಂದರು, ಯಾರಿಗೋ ಹೇಳುವವರಂತೆ ಗೋಡೆ ನೋಡುತ್ತ. "ನಾಳೆ ಹಿಂದಿನ ಚಕ್ರ. ಬಿಚ್ಚೋವಾಗ್ಲೇ ಜೊತೆಗಿರು. ಎಸೆಯೋಕೆ ಮುಂಚೆ ಏನು ಎಸೀತಿದೀನಿ ಅಂತ ತಿಳ್ಕೊಂಡಿರು."

"ಹತ್ತು ಗಂಟೆಗೆ ಬರ್ತೀನಿ ಮಾವ, ಲಂಗ ಮುಗಿಸಿ."

"ಎಂಟಕ್ಕೆ," ಅಂದರು ಡಿಪೋ ಮೇಸ್ತ್ರಿ. "ತಡ ಆದ್ರೆ ಗೈರುಹಾಜರಿ ಹಾಕ್ತೀನಿ."